ಹಣ್ಣಿಗೆ ಫೆನಿ, ತುಂಡಿಗೆ ಲೆಕ್ಕ: ಪಾರ್ಟಿಗೆ ಮದ್ಯದಲ್ಲಿ ನೆನೆಸಿದ ಹಣ್ಣಿನ ತಿನಿಸುಗಳ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳಲ್ಲಿ ಗೋವಾದ ವಾಸ್ಕೋದಲ್ಲಿರುವ ನಮ್ಮ ತಾರಸಿಯ ಮೇಲೆ ಸಂಜೆ ಏಳಾದರೂ ಸೆಕೆ ಇಳಿಯುವುದಿಲ್ಲ. ಅಂಥ ಹೊತ್ತಲ್ಲಿ ಮಿರ್ಚಿ ಭಜಿ, ಕಟ್ಲೆಟ್ ಮಾಡಿಟ್ಟರೆ ಹುಬ್ಬಳ್ಳಿ-ಧಾರವಾಡ ಕಡೆಯಿಂದ ಬಂದ ನಮ್ಮವರೂ ಒಂದೆರಡು ತಿಂದು ಕೈ ತೊಳೆಯುತ್ತಾರೆ. ತಣ್ಣಗಿನ ಹಣ್ಣಿನ ತಾಟು ಮಾತ್ರ ಇಟ್ಟ ಹತ್ತು ನಿಮಿಷಕ್ಕೆ ಖಾಲಿ. ಗೇರುಹಣ್ಣಿನ ಮದ್ಯವಾದ ಫೆನಿಯಲ್ಲಿ ನೆನೆದ ಅನಾನಸ್ಸು, ಅದರದೇ ಹಗುರ ರೂಪವಾದ ಉರಾಕಿನಲ್ಲಿ ನೆನೆದ ಗಿಣಿಮೂತಿ ಮಾವು, ವೈನ್ ಕುಡಿದು ಹಿಮಗಟ್ಟಿದ ದ್ರಾಕ್ಷಿ ಇವನ್ನು ನಾನು ಹಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಗೋವಾಕ್ಕೆ ಬಂದ ಮೇಲೆ ಕಲಿತ ಕೆಲಸಗಳಲ್ಲಿ ನನಗೆ ತುಂಬಾ ಪ್ರೀತಿಯದು ಇದು.

ಮೊದಲ ಸಲ ಮಾಡಿದ್ದನ್ನು ಹೇಳಲೇಬೇಕು. ಎಲ್ಲೋ ವಿಡಿಯೋ ನೋಡಿ, ಇಡೀ ಕಲ್ಲಂಗಡಿಗೆ ತೂತು ಕೊರೆದು ಅದರಲ್ಲಿ ವೋಡ್ಕಾ ಬಾಟಲಿಯನ್ನೇ ಬೋರಲು ಹಾಕಿ ರಾತ್ರಿಯೆಲ್ಲ ಇಟ್ಟಿದ್ದೆ. ಮರುದಿನ ಕೊಯ್ದರೆ ತೂತಿನ ಸುತ್ತ ಹಣ್ಣು ಕೊಳೆತಂತೆ ಮೆತ್ತಗಾಗಿ ಬಾಯಿ ಸುಡುತ್ತಿತ್ತು, ಅಂಚಿನಲ್ಲಿ ಬರೀ ಹಣ್ಣು. ಊರಿಂದ ಬಿಸಿಲಲ್ಲಿ ಬಂದಿದ್ದ ನಮ್ಮ ಭಾವ ಬಾಯಾರಿಕೆಗೆ ನಡುವಿನ ಹೋಳುಗಳನ್ನೇ ಆರು ತಿಂದರು. ಅರ್ಧ ಗಂಟೆಯಲ್ಲಿ ಕುಳಿತಲ್ಲಿಂದ ಏಳಲಾಗಲಿಲ್ಲ. ಮಗ್ಗುಲಾಗಿ ಮಲಗಿಸಿ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದೆವು. ಬೆಳಗ್ಗೆ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಹಣ್ಣ ಅಂತ ತಿಂದ್ನಿ ನೋಡವಾ, ಗೊತ್ತ ಆಗ್ಲಿಲ್ಲ."

ಗ್ಲಾಸಿನಲ್ಲಿ ಕುಡಿಯುವವನಿಗೆ ಎಷ್ಟು ಕುಡಿದೆ ಎಂಬ ಅಂದಾಜು ಇರುತ್ತದೆ. ಹಣ್ಣಿನ ಸಿಹಿ ಆ ಅಂದಾಜನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಈ ಬರಹದಲ್ಲಿ ಪ್ರತಿ ತಿನಿಸಿನ ಜೊತೆ ಒಂದು ಲೆಕ್ಕ ಬರುತ್ತದೆ: ಎಷ್ಟು ತುಂಡು ತಿಂದರೆ ಒಂದು ಸ್ಮಾಲ್ ಪೆಗ್ಗಿಗೆ, ಅಂದರೆ 30 ಮಿ.ಲೀ. ಮದ್ಯಕ್ಕೆ ಸಮ. ಆ ಲೆಕ್ಕ ಗೊತ್ತಿಲ್ಲದ ತಾಟನ್ನು ನಾನು ಅತಿಥಿಗಳ ಮುಂದೆ ಇಡುವುದಿಲ್ಲ.

ಪೆಗ್ಗಿನ ಲೆಕ್ಕ

ನಮ್ಮಲ್ಲಿ ಸಿಗುವ ರಮ್, ವೋಡ್ಕಾ, ಜಿನ್, ಫೆನಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇಕಡ 42.8 ಎಂದು ಬರೆದಿರುತ್ತದೆ. ಅಂದರೆ 100 ಮಿ.ಲೀ.ಯಲ್ಲಿ 42.8 ಮಿ.ಲೀ. ಶುದ್ಧ ಆಲ್ಕೋಹಾಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಮಿ.ಲೀ. ತೂಕ ಸುಮಾರು 0.79 ಗ್ರಾಂ. ಹಾಗಾಗಿ 30 ಮಿ.ಲೀ.ಯ ಒಂದು ಸ್ಮಾಲ್‌ನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಈ 10 ಗ್ರಾಂ ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ಹಾಕಿದ ಮಿ.ಲೀ.ಯನ್ನು ಶೇಕಡಾವಾರಿನಿಂದ ಗುಣಿಸಿ, ನೂರರಿಂದ ಭಾಗಿಸಿ, 0.79ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. ಅದನ್ನು ಹತ್ತರಿಂದ ಭಾಗಿಸಿದರೆ ಸ್ಮಾಲ್ ಪೆಗ್ಗಿನ ಸಂಖ್ಯೆ. ತಾಟಿನಲ್ಲಿರುವ ತುಂಡುಗಳನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದು ಪೆಗ್ಗಿಗೆ ಎಷ್ಟು ತುಂಡು ಎಂದು ಸಿಗುತ್ತದೆ. ಸ್ವಲ್ಪ ಮದ್ಯ ಡಬ್ಬಿಯ ತಳದ ರಸದಲ್ಲೇ ಉಳಿಯುತ್ತದೆ ನಿಜ. ಆದರೆ ನಾನು ಹಾಕಿದ್ದಷ್ಟೂ ಹಣ್ಣಿಗೆ ಹೋಯಿತು ಎಂದೇ ಎಣಿಸುತ್ತೇನೆ. ಲೆಕ್ಕ ತಪ್ಪಿದರೂ ಅತಿಥಿಗೆ ಒಳ್ಳೆಯದಾಗುವ ಕಡೆಗೇ ತಪ್ಪಲಿ.

ಹಣ್ಣಿನೊಳಗೆ ಏನಾಗುತ್ತದೆ

ಹಣ್ಣಿನ ತುಂಡು ಸ್ಪಂಜಿನ ಹಾಗೆ ಮದ್ಯ ಹೀರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಅದಲಿಬದಲಿ. ಹೊರಗಿನ ಆಲ್ಕೋಹಾಲ್ ನಿಧಾನಕ್ಕೆ ಒಳಗೆ ಸರಿಯುತ್ತದೆ, ಒಳಗಿನ ನೀರು, ಸಕ್ಕರೆ, ಬಣ್ಣ, ಪರಿಮಳ ಹೊರಗೆ ಬರುತ್ತವೆ. ಎರಡೂ ಕಡೆ ಸಮ ಆಗುವವರೆಗೆ ಇದು ನಡೆದೇ ಇರುತ್ತದೆ. ಇದರಿಂದ ಮೂರು ವಿಷಯ ಹೊರಡುತ್ತವೆ.

ತುಂಡು ಚಿಕ್ಕದಾದಷ್ಟೂ ಬೇಗ ನೆನೆಯುತ್ತದೆ; ಇಡೀ ಕಲ್ಲಂಗಡಿಗೆ ತೂತು ಕೊರೆಯುವುದು ದಂಡ. ಸಿಪ್ಪೆ ಗೋಡೆ ಇದ್ದ ಹಾಗೆ, ಅದರಲ್ಲೂ ದ್ರಾಕ್ಷಿಯ ಮೇಣದ ಸಿಪ್ಪೆ. ಅದನ್ನು ಚುಚ್ಚದೆ ನೆನೆಹಾಕಿದರೆ ಮರುದಿನವೂ ಒಳಗೆ ಬರೀ ದ್ರಾಕ್ಷಿರಸವೇ. ಇನ್ನು ಮದ್ಯ ಹೆಚ್ಚಾದರೆ ಹಣ್ಣು ತನ್ನ ನೀರೆಲ್ಲ ಬಿಟ್ಟು ಸುಕ್ಕಾಗಿ, ಚರ್ಮದಂತಾಗಿ, ಬಾಯಿಗಿಟ್ಟರೆ ಔಷಧದ ರುಚಿ ಕೊಡುತ್ತದೆ. ತಿಂದವರಿಗೆ ಮೊದಲು ಹಣ್ಣು, ಆಮೇಲೆ ಗಂಟಲಲ್ಲಿ ಸಣ್ಣ ಬಿಸಿ ಸಿಗಬೇಕು. ಅದಕ್ಕೆ ಅರ್ಧ ಕಿಲೋ ಹಣ್ಣಿಗೆ 90ರಿಂದ 100 ಮಿ.ಲೀ. ಸ್ಪಿರಿಟ್, ಅಂದರೆ ರಮ್, ವೋಡ್ಕಾ, ಫೆನಿಯಂಥ ಬಲವಾದ ಮದ್ಯ, ಧಾರಾಳ ಸಾಕು.

ಯಾವ ಮದ್ಯ

ಗೋವಾದಲ್ಲಿದ್ದು ಫೆನಿ ಬಿಟ್ಟು ಬೇರೆಯದರಿಂದ ಶುರುಮಾಡುವುದು ನನಗೆ ಸರಿ ಕಾಣುವುದಿಲ್ಲ. ಗೇರುಮರವನ್ನು ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದರು. ಮರದಿಂದ ತಾನಾಗಿ ಉದುರಿದ ಗೇರುಹಣ್ಣನ್ನು ಆರಿಸಿ, ಬೀಜ ಬೇರ್ಪಡಿಸಿ, ತುಳಿದು ರಸ ತೆಗೆಯುತ್ತಾರೆ. ಕೊನೆಗೆ ತಾನಾಗಿ ಸೋರುವ ತಿಳಿರಸ ನೀರೋ. ಅದನ್ನು ಹಾಗೇ ಕುಡಿಯುತ್ತಾರೆ. ಹುಳಿಬಂದ ರಸವನ್ನು ಒಂದು ಸಲ ಬಟ್ಟಿ ಇಳಿಸಿದರೆ ಉರಾಕ್, ಮತ್ತೆ ಇಳಿಸಿದರೆ ಫೆನಿ. ಬಾಟಲಿ ಕುಲುಕಿದಾಗ ಏಳುವ ನೊರೆಗೆ ಕೊಂಕಣಿಯಲ್ಲಿ ಫೆಣ್ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂತು ಎನ್ನುವುದು ಇಲ್ಲಿನ ವಾಡಿಕೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು.

ಫೆನಿಯ ವಾಸನೆ ಜೋರು. ಮೊದಲ ಸಲ ಮೂಸಿದವರು ಮುಖ ತಿರುಗಿಸುತ್ತಾರೆ. ಅದೇ ವಾಸನೆ ಅನಾನಸ್ಸಿನ ಜೊತೆ ಸೇರಿದಾಗ ಮಾಗಿದ ಹಣ್ಣಿನ ಪರಿಮಳವಾಗಿ ಬದಲಾಗುವುದನ್ನು ನೋಡಬೇಕು. ಇದನ್ನು ಹೇಳಿಕೊಟ್ಟವರು ಪಕ್ಕದ ಮನೆಯ ಗೋವನ್ ಆಂಟಿ. "ಘಾಟಿಗೆ ಘಾಟೇ ಜೋಡಿ" ಅನ್ನುವ ಅರ್ಥದಲ್ಲಿ ಕೊಂಕಣಿಯಲ್ಲಿ ಏನೋ ಹೇಳಿ ಬಾಟಲಿ ಕೈಗಿಟ್ಟಿದ್ದರು. ಪರಿಮಳ ಜೋರಿರುವ ಹಣ್ಣಿಗೆ, ಅಂದರೆ ಅನಾನಸ್, ಪೇರಲ, ಮಾವಿಗೆ ಮಾತ್ರ ಫೆನಿ. ಕಲ್ಲಂಗಡಿಗೆ ಹಾಕಿದರೆ ಹಣ್ಣು ಸೋತುಹೋಗುತ್ತದೆ.

ಉರಾಕ್ ಹಗುರ, ಸುಮಾರು ಶೇಕಡ 15ರಷ್ಟು. ಫೆಬ್ರವರಿ ಕೊನೆಯಿಂದ ಮೇ ತನಕ, ಗೇರುಹಣ್ಣಿನ ಕಾಲದಲ್ಲಷ್ಟೇ ಸಿಗುತ್ತದೆ, ಬಹುಕಾಲ ಇಡಲು ಬರುವುದಿಲ್ಲ. ಇದನ್ನು ಬಿಡಿಯಾಗಿ ಮಾರುವುದೇ ಹೆಚ್ಚು, ಹಾಗಾಗಿ ಲೈಸೆನ್ಸ್ ಇರುವ, ನಿಮಗೆ ಗೊತ್ತಿರುವ ಕಡೆಯಿಂದ ಮಾತ್ರ ತನ್ನಿ. ಲೇಬಲ್ ಇಲ್ಲದ, ಯಾರದ್ದೋ ಕೈಯಿಂದ ಬಂದ ಮದ್ಯವನ್ನು ಹಣ್ಣಿಗೆ ಹಾಕಲೇಬೇಡಿ. ಮೆಥನಾಲ್ ಬೆರೆತಿದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ರುಚಿ ನೋಡಿ ಅದನ್ನು ಪತ್ತೆ ಮಾಡಲು ಯಾರಿಂದಲೂ ಆಗದು.

ಕಲ್ಲಂಗಡಿ, ಲಿಚಿಯಂಥ ಮೆತ್ತನೆ ರುಚಿಗೆ ವೋಡ್ಕಾ. ಕಿತ್ತಳೆ, ಮೋಸಂಬಿಗೆ ಬಿಳಿ ರಮ್. ಒಣಹಣ್ಣಿಗೆ ಕಪ್ಪು ರಮ್. ದ್ರಾಕ್ಷಿಗೆ ನಾಸಿಕ್ ಕಡೆಯ ಬಿಳಿ ವೈನ್. ವಿಸ್ಕಿ ನನಗೆ ಹಣ್ಣಿನ ಜೊತೆ ಹೊಂದಿಲ್ಲ. ದುಬಾರಿ ಬಾಟಲಿಯೇ ಬೇಕೆಂದೂ ಇಲ್ಲ, ಮಧ್ಯಮ ದರದ್ದು ಸಾಕು.

ಮುಂಬೈ, ಪುಣೆಯಲ್ಲಿ ಓದುತ್ತಿರುವವರಿಗೆ ಒಂದು ಮಾತು. ಗೋವಾದಲ್ಲಿ ಮದ್ಯಕ್ಕೆ ವಯಸ್ಸು 18, ಪರ್ಮಿಟ್ ಬೇಡ. ಮಹಾರಾಷ್ಟ್ರದಲ್ಲಿ ಸ್ಪಿರಿಟ್‌ಗೆ 25 ತುಂಬಿರಬೇಕು, 1949ರ ಕಾನೂನಿನ ಪ್ರಕಾರ ಪರ್ಮಿಟ್ಟೂ ಬೇಕು. ಹಣ್ಣಿನೊಳಗಿದೆ ಎಂದ ಮಾತ್ರಕ್ಕೆ ಅದು ಮದ್ಯ ಅಲ್ಲ ಎಂದಾಗುವುದಿಲ್ಲ. ಇಲ್ಲಿಂದ ಊರಿಗೆ ಬಾಟಲಿ ಒಯ್ಯುವವರು ಪರವಾನಗಿ ಮಾಡಿಸಿಕೊಂಡೇ ಪೋಳೆಂ ಗಡಿ ದಾಟಿ.

ಹಣ್ಣು, ಪಾತ್ರೆ

ಹಣ್ಣು ಮಾಗಿರಬೇಕು, ಆದರೆ ಗಟ್ಟಿಯಿರಬೇಕು. ನಾಳೆ ತಿನ್ನಲು ಸರಿ ಎನ್ನುವ ಹದದ್ದನ್ನು ಇವತ್ತು ನೆನೆಹಾಕಿ. ಬಾಳೆ, ಚಿಕ್ಕು, ಪಪ್ಪಾಯಿ ಬೇಡ, ಕರಗಿ ಮುದ್ದೆಯಾಗುತ್ತವೆ. ಸೇಬು ಕಪ್ಪಾಗುತ್ತದೆ, ಹಾಕಲೇಬೇಕೆಂದರೆ ನಿಂಬೆರಸ ಸವರಿ. ವಾಸ್ಕೋ ಮಾರ್ಕೆಟ್ಟಿನಲ್ಲಿ ಬೆಳಗಾವಿಯಿಂದ ಘಾಟ್ ಇಳಿದು ಬರುವ ಹಣ್ಣನ್ನು ಬೆಳಗ್ಗೆ ಎಂಟರೊಳಗೆ ಹೋಗಿ ಆರಿಸಿಕೊಳ್ಳುತ್ತೇನೆ. ಬಿಸಿಲೇರಿದ ಮೇಲೆ ಗಾಡಿಯ ಮೇಲಿನ ಹಣ್ಣು ಒಳಗೇ ಬೆಂದಿರುತ್ತದೆ.

ಗಾಜಿನ ಬರಣಿ ಅಥವಾ ಸ್ಟೀಲ್ ಡಬ್ಬಿ ಸರಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆ ಬೇಡವೇ ಬೇಡ, ಹಣ್ಣಿನ ಹುಳಿಗೆ ಲೋಹ ಬಿಡುತ್ತದೆ. ಅಳತೆಗೆ ಒಂದು ಪೆಗ್ ಮೆಷರ್ ಇಟ್ಟುಕೊಳ್ಳಿ. ಬಾಟಲಿಯಿಂದ ಕಣ್ಣಂದಾಜಿಗೆ ಸುರಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ನೀರಲ್ಲಿ ಹೋಮ.

ಫೆನಿ ಅನಾನಸ್: ಇದನ್ನು ಮೊದಲು ಕಲಿಯಿರಿ

ಬೇಕಾದದ್ದು: ಮಧ್ಯಮ ಗಾತ್ರದ ಒಂದು ಅನಾನಸ್, 120 ಮಿ.ಲೀ. ಗೇರು ಫೆನಿ, ಎರಡು ದೊಡ್ಡ ಚಮಚ ಸಕ್ಕರೆ, ಒಂದು ನಿಂಬೆಹಣ್ಣು, ಉಪ್ಪು, ಬ್ಯಾಡಗಿ ಮೆಣಸಿನ ಪುಡಿ.

ಹಿಂದಿನ ರಾತ್ರಿ ಶುರುಮಾಡಿ. ಅನಾನಸ್ಸಿನ ಬುಡ ಮೂಸಿದರೆ ಸಿಹಿವಾಸನೆ ಬರಬೇಕು. ಹುಳಿಹೆಂಡದ ವಾಸನೆ ಬಂದರೆ ಆ ಹಣ್ಣು ಆಗಲೇ ಒಳಗೆ ಹುಳಿಯುತ್ತಿದೆ, ಬಿಡಿ. ಸಿಪ್ಪೆ ದಪ್ಪಗೆ ತೆಗೆದು, ಕಣ್ಣುಗಳನ್ನು ಓರೆಯಾಗಿ ಗೀರಿ ತೆಗೆಯಿರಿ. ನಡುವಿನ ಗಟ್ಟಿ ದಿಂಡನ್ನು ಬೇರೆ ಮಾಡಿ. ಉಳಿದದ್ದನ್ನು ಸುಮಾರು ಒಂದು ಇಂಚಿನ ತುಂಡು ಮಾಡಿದರೆ 600 ಗ್ರಾಂಗೆ 40 ತುಂಡು ಬರುತ್ತವೆ. ಕತ್ತರಿಸುತ್ತಲೇ ಎಣಿಸಿ, ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.

ಈಗ ಫೆನಿ ಮುಟ್ಟಬೇಡಿ. ಮೊದಲು ಸಕ್ಕರೆ ಉದುರಿಸಿ, ನಿಂಬೆ ಹಿಂಡಿ, ಕೈಯಿಂದ ಮೆಲ್ಲಗೆ ತಿರುಗಿಸಿ ಅರ್ಧ ಗಂಟೆ ಬಿಡಿ. ಸಕ್ಕರೆ ಹಣ್ಣಿನ ಮೇಲ್ಮೈಯ ನೀರನ್ನು ಬಿಡಿಸುತ್ತದೆ; ತಳದಲ್ಲಿ ಎರಡು ಬೆರಳಷ್ಟು ಹಳದಿ ರಸ ನಿಲ್ಲುತ್ತದೆ. ಆಮೇಲೆ ಫೆನಿ ಹಾಕಿ. 120 ಮಿ.ಲೀ. ಫೆನಿ ಒಂದೇ ಆಗಿದ್ದರೆ ತುಂಡುಗಳ ಕಾಲು ಮಾತ್ರ ಮುಳುಗುತ್ತಿತ್ತು, ಈ ರಸ ಬೆರೆತದ್ದರಿಂದ ಎಲ್ಲ ಕಡೆ ಸಮನಾಗಿ ತಾಗುತ್ತದೆ. ಹೆಚ್ಚು ಮದ್ಯ ಸುರಿಯದೆ ಹಣ್ಣು ಮುಳುಗಿಸುವ ಉಪಾಯ ಇದು. ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲ ಇದ್ದರೆ ಇನ್ನೂ ಒಳ್ಳೆಯದು. ಹಣ್ಣು-ರಸ-ಫೆನಿ ಒಳಗೆ ಹಾಕಿ, ಗಾಳಿಯೆಲ್ಲ ಒತ್ತಿ ತೆಗೆದು ಮುಚ್ಚಿ, ಒಂದು ತಟ್ಟೆಯಲ್ಲಿ ಮಲಗಿಸಿ ಫ್ರಿಜ್ಜಿಗೆ ಇಡಿ. ಮಲಗುವ ಮೊದಲೊಮ್ಮೆ, ಎದ್ದ ಮೇಲೊಮ್ಮೆ ಮಗುಚಿ.

ಬೆಳಗ್ಗೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ನಿನ್ನೆ ಅಚ್ಚ ಬಿಳಿ-ಹಳದಿಯಿದ್ದ ತುಂಡುಗಳ ಅಂಚು ಗಾಜಿನಂತೆ ಪಾರದರ್ಶಕವಾಗಿ, ಒಳಗಿನ ನಾರು ಎಳೆಎಳೆಯಾಗಿ ಕಾಣುತ್ತದೆ. ಆ ಪಾರದರ್ಶಕತೆ ನಡುವಿನವರೆಗೂ ಹೋಗಿದ್ದರೆ ಕೆಲಸ ಮುಗಿಯಿತು, ಇದಕ್ಕೆ 8ರಿಂದ 12 ಗಂಟೆ ಹಿಡಿಯುತ್ತದೆ. ಒಂದು ತುಂಡನ್ನು ಅಡ್ಡ ಕೊಯ್ದು ನಡುವನ್ನಷ್ಟೇ ಕಚ್ಚಿ ನೋಡಿ. ಅಲ್ಲೂ ಫೆನಿಯ ಎಳೆ ಸಿಕ್ಕರೆ ರಸ ಸೋಸಿ ಬೇರೆ ಇಟ್ಟು ಹಣ್ಣನ್ನು ಮಾತ್ರ ಫ್ರಿಜ್ಜಿನಲ್ಲಿ ಮುಂದುವರಿಸಿ. ಒಂದು ದಿನಕ್ಕಿಂತ ಹೆಚ್ಚು ನೆನೆದರೆ ಅಂಚು ನಾರುನಾರಾಗುತ್ತದೆ.

ಬಡಿಸುವಾಗ ಪ್ರತಿ ತುಂಡಿಗೆ ಕಡ್ಡಿ ಚುಚ್ಚಿ, ಮೇಲೆ ಉಪ್ಪು ಮತ್ತು ಬ್ಯಾಡಗಿ ಪುಡಿ. ಬ್ಯಾಡಗಿ ಯಾಕೆಂದರೆ ಬಣ್ಣ ಹೆಚ್ಚು, ಖಾರ ಕಡಿಮೆ. ಫೆನಿಯ ಬಿಸಿಯ ಮೇಲೆ ಗುಂಟೂರು ಖಾರ ಬಿದ್ದರೆ ಹಣ್ಣು ಯಾವುದೆಂದೇ ತಿಳಿಯುವುದಿಲ್ಲ. ಉಪ್ಪನ್ನು ಕೊನೆಯ ನಿಮಿಷದಲ್ಲಿ ಹಾಕಿ, ಮೊದಲೇ ಹಾಕಿದರೆ ತಾಟಿನ ತುಂಬ ನೀರು.

ಲೆಕ್ಕ: 120 ಮಿ.ಲೀ. ಅಂದರೆ 4 ಸ್ಮಾಲ್. 40 ತುಂಡು. ಹತ್ತು ತುಂಡಿಗೆ ಒಂದು ಪೆಗ್.

ಉರಾಕಿನಲ್ಲಿ ಗಿಣಿಮೂತಿ ಮಾವು

ಏಪ್ರಿಲ್-ಮೇನಲ್ಲಿ ಉರಾಕಿಗೆ ಸೀಳಿದ ಹಸಿಮೆಣಸಿನಕಾಯಿ, ಉಪ್ಪು, ನಿಂಬೆ ಸೋಡಾ ಹಾಕಿ ಕುಡಿಯುವುದು ಗೋವಾದ ಪದ್ಧತಿ. ಶಾಲೆಯ ಗೇಟಿನ ಮುಂದೆ ಉಪ್ಪು-ಖಾರ ಹಚ್ಚಿದ ಗಿಣಿಮೂತಿ, ಅಂದರೆ ತೋತಾಪುರಿ ಹೋಳು ಕೊಂಡು ತಿನ್ನುವುದು ನಮ್ಮ ಪದ್ಧತಿ. ಎರಡನ್ನೂ ಒಂದೇ ಬರಣಿಗೆ ಹಾಕಿದ್ದೇನೆ, ಅಷ್ಟೇ.

ದೋರೆಗಾಯಿ ಹದದ ಎರಡು ತೋತಾಪುರಿ ತಗೊಳ್ಳಿ. ಸಿಪ್ಪೆ ಸಮೇತ ಉದ್ದಕ್ಕೆ ತೆಳ್ಳಗೆ ಹೋಳು ಮಾಡಿದರೆ 40 ಬರುತ್ತವೆ. 200 ಮಿ.ಲೀ. ಉರಾಕ್, ಬೀಜ ತೆಗೆದು ಸೀಳಿದ ಎರಡು ಹಸಿಮೆಣಸಿನಕಾಯಿ, ಒಂದು ಚಮಚ ಬೆಲ್ಲದ ಪುಡಿ ಸೇರಿಸಿ ಮೂರರಿಂದ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಹೋಳು ತೆಳ್ಳಗಿರುವುದರಿಂದ ಇಷ್ಟು ಹೊತ್ತು ಸಾಕು. ಮೆಣಸಿನಕಾಯಿಯನ್ನು ಒಂದು ಗಂಟೆಗೇ ತೆಗೆದುಬಿಡಿ. ಆಲ್ಕೋಹಾಲ್ ಖಾರವನ್ನು ನೀರಿಗಿಂತ ಬಹಳ ಚೆನ್ನಾಗಿ ಎಳೆದುಕೊಳ್ಳುತ್ತದೆ, ಬಿಟ್ಟರೆ ಕೈ ಮೀರುತ್ತದೆ.

200 ಮಿ.ಲೀ. ಉರಾಕಿನಲ್ಲಿ ಸುಮಾರು 24 ಗ್ರಾಂ ಆಲ್ಕೋಹಾಲ್, ಅಂದರೆ ಎರಡೂವರೆ ಪೆಗ್ಗಿಗೆ ಸ್ವಲ್ಪ ಕಡಿಮೆ. ಹದಿನಾರು ಹೋಳಿಗೆ ಒಂದು ಪೆಗ್. ಉರಾಕ್ ಸಿಗದ ತಿಂಗಳಲ್ಲಿ 70 ಮಿ.ಲೀ. ಫೆನಿಗೆ 130 ಮಿ.ಲೀ. ಎಳನೀರು ಬೆರೆಸಿದರೆ ಹೆಚ್ಚೂಕಡಿಮೆ ಅದೇ ಬಲ ಬರುತ್ತದೆ, ರುಚಿ ಬೇರೆ.

ಕಲ್ಲಂಗಡಿ

ತೂತು ಕೊರೆಯಬೇಡಿ. ಸಿಪ್ಪೆ, ಬೀಜ ತೆಗೆದ ಒಂದು ಕಿಲೋ ತಿರುಳನ್ನು 50 ತುಂಡು ಮಾಡಿ, 90 ಮಿ.ಲೀ. ವೋಡ್ಕಾ, ಒಂದು ನಿಂಬೆಯ ರಸ, ಹತ್ತು ಪುದೀನ ಎಲೆ ಸೇರಿಸಿ ಅಗಲವಾದ ಡಬ್ಬಿಯಲ್ಲಿ ಒಂದೇ ಪದರವಾಗಿ ಹರಡಿ. ಎರಡು ಗಂಟೆ, ಹೆಚ್ಚೆಂದರೆ ಮೂರು. ಅದಕ್ಕೂ ಮೀರಿದರೆ ಕುಸಿಯುತ್ತದೆ. ಬಡಿಸುವಾಗ ಕರಿಉಪ್ಪು. ಹದಿನಾರು ತುಂಡಿಗೆ ಒಂದು ಪೆಗ್. ಸೆಕೆಗೆ ಜನ ಇದನ್ನೇ ಮುಷ್ಟಿಗಟ್ಟಲೆ ತಿನ್ನುವುದರಿಂದ ಇದರಲ್ಲಿ ಮದ್ಯ ಹೆಚ್ಚಿಸುವ ಆಸೆಗೆ ಬೀಳಬೇಡಿ.

ಹಿಮಗಟ್ಟಿದ ವೈನ್ ದ್ರಾಕ್ಷಿ

ಬೀಜವಿಲ್ಲದ ಹಸಿರು ದ್ರಾಕ್ಷಿ ಅರ್ಧ ಕಿಲೋ, ಹತ್ತಿರ ನೂರು ಕಾಳು. ಸೋಡಾಪುಡಿ ಕದಡಿದ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಎರಡು ಸಲ ತೊಳೆದು, ಬಟ್ಟೆಯ ಮೇಲೆ ಒರೆಸಿ. ಆಮೇಲೆ ತಾಳ್ಮೆಯ ಕೆಲಸ. ದಪ್ಪ ಸೂಜಿಯನ್ನು ಕುದಿನೀರಲ್ಲಿ ಅದ್ದಿ, ಒಂದೊಂದು ದ್ರಾಕ್ಷಿಗೂ ನಾಲ್ಕೈದು ಕಡೆ ನಡುವಿನವರೆಗೆ ಚುಚ್ಚಬೇಕು. ತೊಟ್ಟು ಕಿತ್ತ ಜಾಗದಿಂದ ಒಂದು ಸಲ ಆಳವಾಗಿ ಚುಚ್ಚಿದರೆ ಅರ್ಧ ಕೆಲಸ ಆದಂತೆ, ಅಲ್ಲಿ ಮೇಣದ ಸಿಪ್ಪೆ ಇರುವುದಿಲ್ಲ. ನಾನೂ ನನ್ನ ಓರಗಿತ್ತಿಯೂ ಟಿವಿ ಮುಂದೆ ಕೂತು ಮಾತಾಡುತ್ತ ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ. ಸೂಜಿ ಒಳಹೋದಾಗ ಸಣ್ಣಗೆ 'ಚಿಟ್' ಎಂದರೆ ದ್ರಾಕ್ಷಿ ತಾಜಾ. ಸದ್ದಿಲ್ಲದೆ ಹೋದರೆ ಬಾಡಿದ್ದು, ಅದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಿ.

250 ಮಿ.ಲೀ. ಬಿಳಿ ವೈನ್ ಮತ್ತು 60 ಮಿ.ಲೀ. ವೋಡ್ಕಾ ಬೆರೆಸಿ, ದ್ರಾಕ್ಷಿ ಮುಳುಗಿಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಸೋಸಿ, ಒದ್ದೆಯಿರುವಾಗಲೇ ಸಕ್ಕರೆಯ ತಟ್ಟೆಯಲ್ಲಿ ಹೊರಳಿಸಿ, ತಟ್ಟೆ ಸಮೇತ ಫ್ರೀಜರಿಗೆ. ಮೂರು ಗಂಟೆಯಲ್ಲಿ ಹೊರಗೆ ಗರಿಗರಿ, ಒಳಗೆ ಐಸ್‌ಕ್ಯಾಂಡಿಯಂತೆ. ಇಲ್ಲೊಂದು ಮಿತಿಯಿದೆ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿಗೆ ಇಳಿಯುತ್ತದೆ, ಬಾಟಲಿಯ ವೋಡ್ಕಾ ಅಷ್ಟಕ್ಕೆ ಗಟ್ಟಿಯಾಗುವುದಿಲ್ಲ. ಬರೀ ಸ್ಪಿರಿಟ್‌ನಲ್ಲಿ ನೆನೆಸಿದ ದ್ರಾಕ್ಷಿ ಫ್ರೀಜರಿನಲ್ಲೂ ಮೆತ್ತಗೇ ಉಳಿಯುವುದು ಇದೇ ಕಾರಣಕ್ಕೆ. ವೈನ್ ಹೆಚ್ಚು, ವೋಡ್ಕಾ ಕಡಿಮೆ ಇರಲಿ.

ಲೆಕ್ಕ ನಾಲ್ಕೂವರೆ ಪೆಗ್ಗಿಗೆ ಹತ್ತಿರ. ಇಪ್ಪತ್ತು ದ್ರಾಕ್ಷಿಗೆ ಒಂದು ಎಂದು ಹೇಳಿ.

ಕಿತ್ತಳೆ ಸಿಪ್ಪೆಯಲ್ಲಿ ರಮ್ ಜೆಲ್ಲಿ

ನೋಡಲು ಕಿತ್ತಳೆ ಹೋಳು, ತಿಂದರೆ ಜೆಲ್ಲಿ. ನಮ್ಮ ಬಳಗದಲ್ಲಿ ಸಸ್ಯಾಹಾರಿಗಳೇ ಹೆಚ್ಚು. ಜೆಲಟಿನ್ ಪ್ರಾಣಿಗಳ ಮೂಳೆ-ಚರ್ಮದಿಂದ ಬರುವುದು, ಹೇಳದೆ ತಿನ್ನಿಸುವುದು ತಪ್ಪು. ನಾನು ಬಳಸುವುದು ಕಡಲ ಪಾಚಿಯಿಂದ ಮಾಡಿದ ಅಗರ್ ಅಗರ್, ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದರೆ ಕೊಡುತ್ತಾರೆ. ಇದಕ್ಕೆ ಇನ್ನೊಂದು ಗುಣವಿದೆ: ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣಿನ ಕಿಣ್ವಗಳು ಜೆಲಟಿನನ್ನು ಕರಗಿಸಿಬಿಡುತ್ತವೆ, ಅಗರ್ ಅಗರ್‌ಗೆ ಏನೂ ಆಗುವುದಿಲ್ಲ.

ನಾಲ್ಕು ಕಿತ್ತಳೆಯನ್ನು ಅರ್ಧ ಮಾಡಿ, ಸಿಪ್ಪೆ ಹರಿಯದಂತೆ ಚಮಚದಿಂದ ತಿರುಳು ತೆಗೆಯಿರಿ. ಎಂಟು ಬಟ್ಟಲು ಆಯಿತು. ತಿರುಳು ಹಿಂಡಿ 100 ಮಿ.ಲೀ. ರಸ ಸೋಸಿಡಿ, ರಸ ಫ್ರಿಜ್ಜಿನ ತಣ್ಣಗಿನದ್ದಾಗಿರಬಾರದು. 200 ಮಿ.ಲೀ. ನೀರಿಗೆ 4 ಗ್ರಾಂ ಚೈನಾ ಗ್ರಾಸ್ ಪುಡಿ, ಮೂರು ಚಮಚ ಸಕ್ಕರೆ ಹಾಕಿ ಕಲಕುತ್ತ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ. ಪುಡಿ ಪೂರ್ತಿ ಕರಗದಿದ್ದರೆ ಜೆಲ್ಲಿ ಮರಳುಮರಳು. ಒಲೆ ಆರಿಸಿ, ಕೆಳಗಿಳಿಸಿ, ಕಿತ್ತಳೆ ರಸ ಬೆರೆಸಿ. ಪಾತ್ರೆಯ ಹೊರಗೆ ಕೈ ಇಟ್ಟರೆ ಬಿಸಿ ತಡೆಯುವಷ್ಟು ಆದಾಗ 90 ಮಿ.ಲೀ. ಬಿಳಿ ರಮ್ ಸೇರಿಸಿ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಉರಿಯುವ ಒಲೆಯ ಹತ್ತಿರ ರಮ್ ಬಾಟಲಿ ತೆರೆಯಲೇಬೇಡಿ. ಅತ್ತ ಬಹಳ ಆರಲೂ ಬಿಡಬಾರದು, 40 ಡಿಗ್ರಿಯ ಆಸುಪಾಸಿಗೇ ಅಗರ್ ಗಟ್ಟಿಯಾಗತೊಡಗುತ್ತದೆ.

ಸಿಪ್ಪೆಯ ಬಟ್ಟಲುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕೂರಿಸಿದರೆ ಉರುಳುವುದಿಲ್ಲ. ತುಂಬಿಸಿ, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಹರಿತ ಚಾಕುವಿನಿಂದ ಪ್ರತಿ ಅರ್ಧವನ್ನು ಮೂರು ಮಾಡಿ. 24 ಹೋಳು, 3 ಪೆಗ್. ಎಂಟು ಹೋಳಿಗೆ ಒಂದು.

ರಮ್ಮಿನ ಒಣಹಣ್ಣು

ಡಿಸೆಂಬರ್ ಪಾರ್ಟಿಗೆ ಇದು. ಒಣ ಅಂಜೂರ, ಜರ್ದಾಳು, ಬೀಜ ತೆಗೆದ ಖರ್ಜೂರ ಒಟ್ಟು 50 ತುಂಡು, 200 ಮಿ.ಲೀ. ಕಪ್ಪು ರಮ್, ಒಂದು ಚಕ್ಕೆ ದಾಲ್ಚಿನ್ನಿ. ಗಾಜಿನ ಬರಣಿಯಲ್ಲಿ ಐದು ದಿನ, ದಿನಕ್ಕೊಮ್ಮೆ ಕುಲುಕಿ. ಒಣಹಣ್ಣು ರಮ್ಮನ್ನು ಬಹುಮಟ್ಟಿಗೆ ಕುಡಿದೇಬಿಡುತ್ತದೆ, ಆದ್ದರಿಂದ ಇದೇ ಎಲ್ಲಕ್ಕಿಂತ ಬಲವಾದದ್ದು: ಏಳು ತುಂಡಿಗೆ ಒಂದು ಪೆಗ್. ಚಾಕೊಲೇಟಿನಲ್ಲಿ ಅದ್ದುವುದಾದರೆ ಒಂದು ಗಂಟೆ ಟಿಶ್ಯೂ ಮೇಲೆ ಆರಿಸಿ. ಕರಗಿದ ಚಾಕೊಲೇಟಿಗೆ ಎರಡು ಹನಿ ದ್ರವ ಬಿದ್ದರೂ ಗಟ್ಟಿ ಮುದ್ದೆಯಾಗುತ್ತದೆ.

ತಾಟು ಇಡುವುದು

ಮದ್ಯದ ಹಣ್ಣಿಗೆ ಕೆಂಪು ಕಡ್ಡಿ, ಮದ್ಯವಿಲ್ಲದ್ದಕ್ಕೆ ಹಸಿರು ಕಡ್ಡಿ. ಎರಡು ತಾಟು ಎರಡು ಮೇಜಿನ ಮೇಲೆ, ಕೆಂಪು ಕಡ್ಡಿಯದು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಪುಟ್ಟ ಮಕ್ಕಳಿಗೆ ಇಷ್ಟೇ ಇಷ್ಟು ಮದ್ಯವೂ ಅಪಾಯ, ಅವರಿಗೆ ಇದು ಬರೀ ಹಣ್ಣಾಗಿ ಕಾಣುತ್ತದೆ. ಪ್ರತಿ ತಾಟಿನ ಮುಂದೆ ಒಂದು ಚೀಟಿ: "ಫೆನಿ ಅನಾನಸ್. 10 ತುಂಡು = 1 ಸ್ಮಾಲ್." ಮೊದಲ ಸಲ ಚೀಟಿ ಇಟ್ಟಾಗ ಬಿಜಾಪುರ ಕಡೆಯ ಗೆಳತಿಯೊಬ್ಬಳು ನಾಲ್ಕು ತುಂಡು ತಟ್ಟೆಗೆ ಹಾಕಿಕೊಂಡು, "ಅಕ್ಕಾ, ಇಷ್ಟ ಸಾಕ್ರಿ, ನಾ ಗಾಡಿ ಹೊಡೀಬೇಕ" ಎಂದಳು. ಚೀಟಿ ಇದ್ದದ್ದಕ್ಕೆ ಅವಳಿಗೆ ಅದು ಹೊಳೆಯಿತು. ಗಾಡಿ ಓಡಿಸುವವರು ಒಂದೂ ತಿನ್ನದಿರುವುದೇ ಸರಿ ಎಂದು ಆ ನಾಲ್ಕನ್ನೂ ತಗೊಂಡು ಹಸಿರು ಕಡ್ಡಿಯ ತಾಟು ಕೊಟ್ಟೆ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಆಲ್ಕೋಹಾಲ್ ಮೀರಿದರೆ ಕಾನೂನಿನಲ್ಲಿ ಅಪರಾಧ. ಕುಡಿದದ್ದೋ ತಿಂದದ್ದೋ ಎಂದು ಯಂತ್ರ ಕೇಳುವುದಿಲ್ಲ.

ಗರ್ಭಿಣಿಯರು, ಮಗುವಿಗೆ ಹಾಲುಣಿಸುವವರು, ಲಿವರ್ ತೊಂದರೆಯವರು, ಮೆಟ್ರೋನಿಡಜೋಲ್‌ನಂಥ ಮಾತ್ರೆ ಅಥವಾ ನಿದ್ರೆಮಾತ್ರೆ ತೆಗೆದುಕೊಳ್ಳುವವರು ಇದರಿಂದ ದೂರ ಇರಬೇಕು. ಕುಡಿತ ಬಿಟ್ಟವರು ಬಳಗದಲ್ಲಿದ್ದರೆ ಅವರ ಕಿವಿಯಲ್ಲಿ ಮೊದಲೇ ಹೇಳಿ. ಹಿರಿಯರಿಗೆ ಸುಮ್ಮನೆ ತಿನ್ನಿಸಿ ಆಮೇಲೆ ನಗುವ ಚಾಳಿ ಕೆಲವು ಮನೆಗಳಲ್ಲಿದೆ, ನನಗೆ ಅದು ಸಹಿಸಲಾಗದ್ದು.

ಹಸಿರು ಕಡ್ಡಿಯ ತಾಟು ಕಳಪೆಯಾಗಿರಬಾರದು. ಬೇರೆ ತಾಜಾ ಅನಾನಸ್ ತುಂಡುಗಳನ್ನು ಸಕ್ಕರೆ, ಫೆನಿಯ ಬದಲು ಮುರುಗಲು (ಕೋಕಂ) ಶರಬತ್ತಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕೆಂಪು-ನೇರಳೆ ಬಣ್ಣ ಹಿಡಿದಿರುತ್ತದೆ. ಜೀರಿಗೆ ಪುಡಿ, ಉಪ್ಪು ಉದುರಿಸಿ. ನಮ್ಮಲ್ಲಿ ಕುಡಿಯುವವರೂ ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ತಾಟನ್ನು ಐಸ್ ತುಂಬಿದ ಪರಾತದ ಮೇಲೆ ಇಡಿ, ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ. ಗೋವಾದ ಸೆಕೆಯಲ್ಲಿ ಕತ್ತರಿಸಿದ ಹಣ್ಣು ಎರಡು ಗಂಟೆ ಹೊರಗಿದ್ದರೆ ಎಸೆಯುವುದೇ ಸರಿ. ಮದ್ಯ ಇದೆಯಲ್ಲ, ಕೆಡುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಹಸಿ ಹಣ್ಣಿನೊಳಗೆ ಉಳಿಯುವ, ಶೇಕಡ ಏಳೆಂಟರೊಳಗಿನ ಆಲ್ಕೋಹಾಲ್ ಏನನ್ನೂ ಕಾಪಾಡುವುದಿಲ್ಲ. ಪಕ್ಕದಲ್ಲಿ ನೀರಿನ ಹೂಜಿ, ಹೊಟ್ಟೆಗೆ ಮೊದಲೇ ಅವಲಕ್ಕಿಯೋ ಶೇಂಗಾ-ಚುರುಮುರಿಯೋ ಕೊಟ್ಟಿರಿ.

ಉಳಿದದ್ದು

ಹಣ್ಣು ಮರುದಿನದವರೆಗೆ ಫ್ರಿಜ್ಜಿನಲ್ಲಿರಬಹುದು. ಡಬ್ಬಿಯ ಮೇಲೆ ದೊಡ್ಡದಾಗಿ "ಫೆನಿ" ಎಂದು ಬರೆಯಿರಿ, ಬೆಳಗ್ಗೆ ಮಕ್ಕಳು ಮೊದಲು ತೆರೆಯುವುದೇ ಫ್ರಿಜ್ಜನ್ನು. ಉಳಿದ ಅನಾನಸ್ಸನ್ನು ಕೇಸರಿಭಾತಿಗೆ ಹಾಕಿದರಾಯಿತು, ಕುದಿದರೆ ಮದ್ಯ ಹಾರಿಹೋಗುತ್ತದೆ ಎಂದು ನಮ್ಮ ಓಣಿಯಲ್ಲಿ ಒಬ್ಬರು ಹೇಳಿದ್ದರು. ಅಡುಗೆಯಲ್ಲಿ ಅರ್ಧ ಗಂಟೆ ಕುದಿದ ಮೇಲೂ ಹಾಕಿದ ಆಲ್ಕೋಹಾಲಿನ ಮೂರನೇ ಒಂದು ಭಾಗದಷ್ಟು ಉಳಿದಿರುತ್ತದೆ. ಮಕ್ಕಳು ತಿನ್ನುವ ಅಡುಗೆಗೆ ಬೇಡ.

ಸೋಸಿಟ್ಟ ರಸವೇ ಇದರ ನಿಜವಾದ ಲಾಭ. ಅನಾನಸ್ ರಸ ಬೆರೆತ ಆ ಹಳದಿ ಫೆನಿಯಲ್ಲಿ, ಹಾಕಿದ ಮದ್ಯದ ಕಾಲು ಭಾಗದಷ್ಟು ಇನ್ನೂ ಇದೆ. ಪಾರ್ಟಿ ಮುಗಿದು, ಪಾತ್ರೆ ತೊಳೆದು, ಎಲ್ಲರೂ ಟ್ಯಾಕ್ಸಿ ಹತ್ತಿದ ಮೇಲೆ ಅದರಲ್ಲಿ 60 ಮಿ.ಲೀ. ಅಳೆದು, ಉದ್ದ ಗ್ಲಾಸಿಗೆ ಐಸ್ ಹಾಕಿ, ಸೋಡಾ ತುಂಬಿ, ಅಂಚಿಗೆ ಉಪ್ಪು ಸವರಿ ತಾರಸಿಗೆ ಒಯ್ಯುತ್ತೇನೆ. ಆ ಹೊತ್ತಿಗೆ ಬಂದರಿನ ಕಡೆಯಿಂದ ಗಾಳಿ ಬೀಸತೊಡಗಿರುತ್ತದೆ.